ಮೂತ್ರಪಿಂಡದ ಕ್ಯಾನ್ಸರ್: ಟ್ರಯಲ್‌ನಲ್ಲಿ ಚೀಟಿ ಎತ್ತುವುದೇಕೆ?

ದೇಹದ ಇತರ ಭಾಗಗಳಿಗೂ ಹರಡಿದ್ದ ಮೂತ್ರಪಿಂಡ ಕ್ಯಾನ್ಸರಿನ 197 ರೋಗಿಗಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಕೆನಡಾದ ವೈದ್ಯರು 1998ರಲ್ಲಿ ಪ್ರಕಟಿಸಿದರು. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಇಂಟರ್‌ಫೆರಾನ್ ಗಾಮಾ ಎಂಬ ಚುಚ್ಚುಮದ್ದನ್ನೂ ಇನ್ನೊಂದಕ್ಕೆ ಔಷಧದ ಅಂಶವೇ ಇಲ್ಲದ ಪ್ಲಸೀಬೊ ಚುಚ್ಚುಮದ್ದನ್ನೂ ಕೊಡಲಾಗಿತ್ತು. ಔಷಧ ಪಡೆದವರಲ್ಲಿ ಶೇ 4.4ರಷ್ಟು ಮಂದಿಯ ಗೆಡ್ಡೆಗಳು ಗಣನೀಯವಾಗಿ ಕುಗ್ಗಿದವು. ಪ್ಲಸೀಬೊ ಪಡೆದವರಲ್ಲಿ ಶೇ 6.6ರಷ್ಟು ಮಂದಿಯವು! ಅದಕ್ಕೂ ಮುನ್ನ, ಹೋಲಿಕೆಯ ಗುಂಪೇ ಇಲ್ಲದ ಸಣ್ಣ ಅಧ್ಯಯನಗಳಲ್ಲಿ ಇದೇ ಔಷಧ ಸಾಕಷ್ಟು ಭರವಸೆ ಹುಟ್ಟಿಸಿತ್ತು.

ಮೂತ್ರಪಿಂಡದ ಕ್ಯಾನ್ಸರಿನ ಸ್ವಭಾವವೇ ಹೀಗೆ. ಅಪರೂಪಕ್ಕೆ ಅದು ತಾನಾಗಿ ಕುಗ್ಗುತ್ತದೆ. ಕೆಲವರ ಶ್ವಾಸಕೋಶಕ್ಕೆ ಹರಡಿದ ಮೇಲೂ ವರ್ಷಗಟ್ಟಲೆ ಬೆಳೆಯದೆ ಸುಮ್ಮನಿರುತ್ತದೆ. ಇನ್ನು ಕೆಲವರಲ್ಲಿ ಕೆಲವೇ ತಿಂಗಳುಗಳಲ್ಲಿ ಎಲ್ಲೆಡೆ ವ್ಯಾಪಿಸುತ್ತದೆ. ಇಂಥ ಕಾಯಿಲೆಯಲ್ಲಿ ಯಾವುದೋ ಕಷಾಯ ಕುಡಿದ ಒಬ್ಬರು ಚೇತರಿಸಿಕೊಂಡರೆಂಬ ಸುದ್ದಿ ಊರೆಲ್ಲ ಹಬ್ಬುವುದು ಸಹಜ. ಕಪ್ಪೆಗಳಿಗೆ ಮದುವೆ ಮಾಡಿಸಿದ ವಾರದಲ್ಲಿ ಮಳೆ ಬಿದ್ದರೆ ಕೀರ್ತಿ ಕಪ್ಪೆಗಳಿಗೆ ಸಲ್ಲುತ್ತದೆ, ಮದುವೆ ಮಾಡಿಸದ ಪಕ್ಕದೂರಿನಲ್ಲೂ ಅದೇ ಮಳೆ ಬಿದ್ದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರೋಗಿಗಳನ್ನು ಹೀಗೆ ಗುಂಪು ಮಾಡಿ ಚಿಕಿತ್ಸೆಯನ್ನು ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್ ಮಾಡುವುದು ಆ ಪಕ್ಕದೂರನ್ನು ಲೆಕ್ಕಕ್ಕೆ ತರುವ ಕೆಲಸವನ್ನು.

ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರೇ ಏಕೆ ನಿರ್ಧರಿಸಬಾರದು ಎಂದು ರೋಗಿಗಳ ಮನೆಯವರು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ವೈದ್ಯರು ಆರಿಸಿದರೆ, ತಾಳಿಕೊಳ್ಳುವ ಶಕ್ತಿಯುಳ್ಳವರಿಗೆ ಹೊಸ ಔಷಧವೂ ನಿತ್ರಾಣರಾದವರಿಗೆ ಹಳೆಯದೂ ಹೋಗುವ ಸಂಭವ ಹೆಚ್ಚು, ಆಗ ಗೆದ್ದದ್ದು ಔಷಧವೋ ರೋಗಿಯ ಕಸುವೋ ಎಂದು ಬಿಡಿಸಿ ಹೇಳಲಾಗದು. ಚೀಟಿಯ ಹೆಚ್ಚುಗಾರಿಕೆ ಏನೆಂದರೆ, ಅದಕ್ಕೆ ರೋಗಿಯ ವಿಷಯ ಏನೂ ತಿಳಿದಿರಬೇಕಾಗಿಲ್ಲ. ವಯಸ್ಸು, ರಕ್ತಹೀನತೆ, ಗೆಡ್ಡೆಯ ವಂಶವಾಹಿಗಳಲ್ಲಿನ ವ್ಯತ್ಯಾಸ, ಇನ್ನೂ ಯಾರೂ ಕಂಡುಹಿಡಿಯದ ಯಾವುದೋ ಅಂಶ, ಇವೆಲ್ಲವೂ ಗುಂಪುಗಳು ದೊಡ್ಡದಾದಷ್ಟೂ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ಅಳೆಯಲು ಬಾರದ್ದನ್ನೂ ಸರಿದೂಗಿಸುವ ಇಂಥ ಇನ್ನೊಂದು ಉಪಾಯ ವೈದ್ಯವಿಜ್ಞಾನದ ಬಳಿ ಇಲ್ಲ.

ಈ ಪದ್ಧತಿ ನೆಲೆಯೂರಿದ್ದು ಕ್ಷಯರೋಗದ ಚಿಕಿತ್ಸೆಯಲ್ಲಿ. ಯುದ್ಧದಿಂದ ಬಸವಳಿದಿದ್ದ ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್, ಯಾವ ಕ್ರಮವೂ ಇಲ್ಲದ ಯಾದೃಚ್ಛಿಕ ಸಂಖ್ಯೆಗಳ ಆಧಾರದಲ್ಲಿ ತುಂಬಿದ ಮುಚ್ಚಿದ ಲಕೋಟೆಗಳಿಂದ ಆಯ್ಕೆ ನಡೆಯುವಂತೆ ಏರ್ಪಾಡು ಮಾಡಿದರು. 1948ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿಯೂ ಹಾಸಿಗೆಯ ವಿಶ್ರಾಂತಿಯನ್ನಷ್ಟೇ ಪಡೆದ 52 ಮಂದಿಯಲ್ಲಿ 14 ಮಂದಿಯೂ ತೀರಿಕೊಂಡಿದ್ದರು.

ಇಂದಿನ ಮೂತ್ರಪಿಂಡ ಕ್ಯಾನ್ಸರಿನ ಟ್ರಯಲ್‌ಗಳಲ್ಲಿ ಹೋಲಿಕೆಯ ಗುಂಪಿನವರನ್ನು ಚಿಕಿತ್ಸೆಯಿಲ್ಲದೆ ಬಿಡುತ್ತಾರೆಂಬ ಭಯಕ್ಕೆ ಬಹುಮಟ್ಟಿಗೆ ಆಧಾರವಿಲ್ಲ. 2023ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಯ ಮುಂದುವರಿದ ಹಂತಕ್ಕೆ ಅನುಮತಿ ಪಡೆದ ಬೆಲ್ಜುಟಿಫಾನ್ ಮಾತ್ರೆಯನ್ನು 746 ರೋಗಿಗಳಲ್ಲಿ ಹೋಲಿಸಿ ನೋಡಿದ್ದು ಆಗಲೇ ಬಳಕೆಯಲ್ಲಿದ್ದ ಎವೆರೊಲಿಮಸ್ ಎಂಬ ಔಷಧದ ಜೊತೆಗೆ. ಹೊಸ ಚಿಕಿತ್ಸೆಯ ಗುಂಪಿಗೆ ಸೇರಿದವರೇ ಅದೃಷ್ಟವಂತರೆಂಬ ನಂಬಿಕೆಯೂ ಅಷ್ಟೇ ಟೊಳ್ಳು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಬಳಸುವ ಇಮ್ಯುನೊಥೆರಪಿಯ ನಂತರವೂ ಕಾಯಿಲೆ ಉಲ್ಬಣಿಸಿದ್ದ 522 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕ್ಯಾಬೊಜಾಂಟಿನಿಬ್ ಎಂಬ ಮಾತ್ರೆ ಒಂದನ್ನೇ, ಉಳಿದವರಿಗೆ ಅದರೊಂದಿಗೆ ಅಟೆಜೊಲಿಜುಮಾಬ್ ಎಂಬ ಮತ್ತೊಂದು ಇಮ್ಯುನೊಥೆರಪಿ ಔಷಧವನ್ನೂ ಕೊಟ್ಟು ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಎರಡು ಔಷಧ ಪಡೆದವರಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ, ಗಂಭೀರ ತೊಂದರೆಗಳು ಮಾತ್ರ ಹೆಚ್ಚಾದವು. ಕಾಯಿಲೆ ಹರಡಿದ ಮೇಲೂ ಮೊದಲು ಕಿಡ್ನಿ ತೆಗೆಯಲೇಬೇಕೆಂಬ ವಾಡಿಕೆ ಕೂಡ ಹೀಗೆಯೇ ಸಡಿಲಗೊಂಡಿತು: 2018ರಲ್ಲಿ ಪ್ರಕಟವಾದ ಫ್ರಾನ್ಸ್ ನೇತೃತ್ವದ, 450 ರೋಗಿಗಳ ಟ್ರಯಲ್‌ನಲ್ಲಿ ಸುನಿಟಿನಿಬ್ ಮಾತ್ರೆಯನ್ನಷ್ಟೇ ಪಡೆದವರು ಶಸ್ತ್ರಚಿಕಿತ್ಸೆಯ ನಂತರ ಅದನ್ನು ಪಡೆದವರಿಗಿಂತ ಕಡಿಮೆ ಕಾಲ ಬದುಕಲಿಲ್ಲ. ಅದರಲ್ಲಿದ್ದವರು ಕಾಯಿಲೆಯ ಅಪಾಯ ಮಧ್ಯಮ ಅಥವಾ ಹೆಚ್ಚಿನ ಮಟ್ಟದಲ್ಲಿದ್ದವರು ಎಂಬುದನ್ನು ಮರೆತು ಈ ಫಲಿತಾಂಶವನ್ನು ಎಲ್ಲರಿಗೂ ಅನ್ವಯಿಸುವುದು ಮಾತ್ರ ಸಲ್ಲದು.

ಹಾಗೆಂದು ಟ್ರಯಲ್ ಸೇರುವುದು ಎಂದರೆ ಇನ್ನೂ ಒಳ್ಳೆಯ ಚಿಕಿತ್ಸೆ ಪುಕ್ಕಟೆ ಸಿಕ್ಕಂತೆ ಎಂದು ಭಾವಿಸುವುದೂ ತಪ್ಪು. ಅದರ ಮೊದಲ ಉದ್ದೇಶ ಒಂದು ಪ್ರಶ್ನೆಗೆ ಉತ್ತರ ಪಡೆಯುವುದು. ಹೆಚ್ಚುವರಿ ಸ್ಕ್ಯಾನ್, ರಕ್ತಪರೀಕ್ಷೆ, ಓಡಾಟ ಎಲ್ಲವೂ ಅದರ ಭಾಗ. ಮೊದಲ ಹಂತದ ಟ್ರಯಲ್ ಆದರೆ ಅಲ್ಲಿ ಪರೀಕ್ಷಿಸುವುದು ಮುಖ್ಯವಾಗಿ ಸುರಕ್ಷಿತ ಪ್ರಮಾಣವನ್ನು. ಭಾರತದ 2019ರ ನಿಯಮಗಳಂತೆ ನೈತಿಕ ಸಮಿತಿಯ ಅನುಮೋದನೆ ಇರಲೇಬೇಕು, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಟ್ಟು ಒಪ್ಪಿಗೆ ಪಡೆಯಬೇಕು, ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆಯನ್ನೂ ಪರಿಹಾರವನ್ನೂ ಒದಗಿಸಬೇಕು. ಸೇರಿದ ಮೇಲೆ ಯಾವಾಗ ಬೇಕಾದರೂ ಹೊರಬರಬಹುದು. ಸಹಿ ಹಾಕುವ ಮುನ್ನ ಹೋಲಿಕೆಯ ಗುಂಪಿಗೆ ಕೊಡುವ ಔಷಧ ಯಾವುದು, ಕಾಯಿಲೆ ಹೆಚ್ಚಾದರೆ ಮುಂದಿನ ಚಿಕಿತ್ಸೆಗೆ ದಾರಿ ತೆರೆದಿರುತ್ತದೆಯೇ, ಸೇರದಿದ್ದರೆ ಸಿಗುವ ಚಿಕಿತ್ಸೆ ಏನು ಎಂಬ ಮೂರನ್ನು ಕೇಳಿ ತಿಳಿಯಬೇಕು. ಮೊದಲನೆಯದಕ್ಕೆ ಉತ್ತರ ಸಿಟಿಆರ್‌ಐ ಎಂಬ, ಟ್ರಯಲ್‌ಗಳ ರಾಷ್ಟ್ರೀಯ ನೋಂದಣಿಯಲ್ಲೂ ಸಿಗುತ್ತದೆ. 2009ರಿಂದ ಅಲ್ಲಿ ನೋಂದಣಿ ಕಡ್ಡಾಯವಾಗಿದ್ದು, ಅದನ್ನು ಯಾರು ಬೇಕಾದರೂ ಹಣ ಕೊಡದೆ ನೋಡಬಹುದು.