ಪರ್ಸೆಂಟ್ ಆಮೇಲೆ ಕೇಳಿ

ಓಪನ್ ಸೋರ್ಸ್ ಹುಡುಗರು, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟು ಸಾಫ್ಟ್‌ವೇರ್ ಬರೆಯುವವರು, ನಮ್ಮ ಆಫೀಸಿಗೆ ಬಂದರೆ ಕುರ್ಚಿ ಎಳೆದುಕೊಳ್ಳುವ ಮೊದಲೇ ಒಂದು ಪ್ರಶ್ನೆ: "ಸರ್, ಯಾವ ಫಿಸ್ಕಲ್ ಹೋಸ್ಟ್ ಕಮ್ಮಿ ಪರ್ಸೆಂಟ್ ಹಿಡೀತಾರೆ?" ಫಿಸ್ಕಲ್ ಹೋಸ್ಟ್ ಅಂದರೆ ನೋಂದಣಿ ಇಲ್ಲದ ಪ್ರಾಜೆಕ್ಟಿನ ಪರವಾಗಿ ದಾನ ಪಡೆದು, ಅದರಲ್ಲೊಂದು ಪಾಲು ಫೀಸು ಹಿಡಿದು ಲೆಕ್ಕ ಇಡುವ ಸಂಸ್ಥೆ. ಆ ಪರ್ಸೆಂಟ್ ಏನು ಗುಟ್ಟಲ್ಲ. ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್ 5, ಓಪನ್ ಸೋರ್ಸ್ ಕಲೆಕ್ಟಿವ್ 10. ಹೋಸ್ಟನ್ನು ಬಿಟ್ಟು ಹೋಗುವಾಗ ದುಡ್ಡಿನ ಗತಿ ಏನು, ಅಗ್ರಿಮೆಂಟ್ ಓದಿದ್ರಾ ಅಂತ ನಾನು ಕೇಳುತ್ತೇನೆ. ಯಾರೂ ಓದಿರುವುದಿಲ್ಲ.

ಹೋಸ್ಟ್ ಅಂದರೆ ಬ್ಯಾಂಕ್ ಅಲ್ಲ. ದಾನ ಬಂದ ಕ್ಷಣದಿಂದ ಕಾನೂನಿನ ಲೆಕ್ಕದಲ್ಲಿ ಆ ದುಡ್ಡು ಹೋಸ್ಟ್ ಸಂಸ್ಥೆಯದು. ನಿಮ್ಮ ಪ್ರಾಜೆಕ್ಟಿನ ಹೆಸರಲ್ಲಿ ಬೇರೆ ಲೆಕ್ಕ ಬರೆದಿರುತ್ತಾರೆ, ಸರಿ. ನೀವು ಬಿಲ್ ಕೊಡುತ್ತೀರಿ, ಅವರು ಒಪ್ಪಿದರೆ ಪಾಸಾಗುತ್ತದೆ. ಆದರೆ ನೋಂದಣಿ ಇಲ್ಲದ, ಪ್ಯಾನ್ ಇಲ್ಲದ ನಿಮ್ಮ ಪ್ರಾಜೆಕ್ಟ್ ಕಾನೂನಿನ ಕಣ್ಣಿಗೆ ಕಾಣುವುದೇ ಇಲ್ಲ, ಇನ್ನು ದುಡ್ಡಿನ ಒಡೆತನ ಎಲ್ಲಿಂದ ಬರಬೇಕು? ಬಿಟ್ಟು ಹೋಗುವಾಗಲೂ ಅದು ನಿಮ್ಮ ಸೇವಿಂಗ್ಸ್ ಖಾತೆಗೆ ಬರುವುದಿಲ್ಲ. ಹೋಸ್ಟ್ ಅಮೆರಿಕದ 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಇರುವ ದಾನಧರ್ಮದ ಸಂಸ್ಥೆಯಾದರೆ ಸಾಮಾನ್ಯವಾಗಿ ಅಂಥದೇ ಇನ್ನೊಂದು ಸಂಸ್ಥೆಗೆ ಹೋಗುತ್ತದೆ. ಬಾಡಿಗೆ ಮನೆ ಹಿಡಿಯುವಾಗ, ಖಾಲಿ ಮಾಡಿದರೆ ಪೇಂಟಿಂಗಿಗೆ ಎಷ್ಟು ಹಿಡೀತೀರಾ, ಅಡ್ವಾನ್ಸ್ ಯಾವಾಗ ವಾಪಸ್ ಅಂತ ಓನರ್ ತಲೆ ತಿನ್ನುವವರೂ ಇವರೇ ಅಲ್ವಾ?

ಸುಮ್ನೆ ಹೆದರಿಸುತ್ತಿಲ್ಲ. ಓಪನ್ ಕಲೆಕ್ಟಿವ್ ಫೌಂಡೇಶನ್ ಎಂಬ ಹೋಸ್ಟ್ 2024ರ ಶುರುವಿನಲ್ಲಿ, ವರ್ಷದ ಕೊನೆಗೆ ಬಾಗಿಲು ಹಾಕುತ್ತೇವೆ ಎಂದಿತು. ನೂರಾರು ಗುಂಪುಗಳು ಬೇರೆ ಆಸರೆ ಹುಡುಕಬೇಕಾಯಿತು. ನನಗೂ ಫೋನ್ ಬಂತು, ನಮ್ಮ ದುಡ್ಡೂ ಹೋಯ್ತಾ ಅಂತ. ವಿಚಾರಿಸಿದರೆ ಅವರ ಹೋಸ್ಟ್ ಓಪನ್ ಸೋರ್ಸ್ ಕಲೆಕ್ಟಿವ್. ಅದು ಬೇರೆಯೇ ಸಂಸ್ಥೆ, ಮುಚ್ಚಿರಲೇ ಇಲ್ಲ. ಎರಡೂ ಒಂದೇ ಪ್ಲಾಟ್‌ಫಾರ್ಮ್ ಬಳಸುತ್ತಿದ್ದವು, ಅಷ್ಟೆ. ದುಡ್ಡು ಯಾರ ಹತ್ತಿರ ಇದೆ ಅಂತಲೇ ಗೊತ್ತಿಲ್ಲದೆ ಪರ್ಸೆಂಟಿಗೆ ಚೌಕಾಸಿ!

ಹಾಗಾದರೆ ಹೋಸ್ಟೇ ಬೇಡ ಅಂತ ಒಬ್ಬ ಪ್ರಾಜೆಕ್ಟಿಗೆ ಬಂದ ದಾನವನ್ನೆಲ್ಲ ತನ್ನ ಖಾತೆಗೇ ಹಾಕಿಸಿಕೊಂಡಿದ್ದ. ಕೋಡ್ ವಿಷಯಕ್ಕೆ ಒಂದು ದಿನವೂ ಮುನಿಸಿಕೊಳ್ಳದ ಅವನೂ ಅವನ ಗೆಳೆಯನೂ 40 ಸಾವಿರದ ಲೆಕ್ಕಕ್ಕೆ ನನ್ನ ಟೇಬಲ್ ಮುಂದೆ ಮುಖ ತಿರುಗಿಸಿ ಕೂತಿದ್ದರು. ಕದ್ದಿರಲಿಲ್ಲ ಪಾಪ. ಸರ್ವರ್ ಬಾಡಿಗೆ ಕಟ್ಟಿದ್ದ, ರಸೀದಿ ಇಟ್ಟಿರಲಿಲ್ಲ.

ವಿದೇಶದ ದಾನವಾದರೆ ಇನ್ನೂ ಜಾಗ್ರತೆ. ಅದನ್ನು ಪಡೆಯಲು ಇಲ್ಲಿನ ಹೋಸ್ಟ್ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು, ಮತ್ತು 2020ರ ತಿದ್ದುಪಡಿ ಆದಮೇಲೆ ಆ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಅಂದರೆ ಬಿಟ್ಟು ಹೋದರೂ ಬರಿಗೈಯಲ್ಲಿ ಹೋಗಬೇಕು. ಹೊರದೇಶದ ಹೋಸ್ಟ್ ನಿಮ್ಮ ಕೆಲಸಕ್ಕೆ ಇನ್‌ವಾಯ್ಸ್ ಮೇಲೆ ಫೀಸು ಕೊಟ್ಟರೆ ಅದು ಬೇರೆ ಮಾತು, ಆದಾಯ ಅಂತ ತೋರಿಸಿ ತೆರಿಗೆ ಕಟ್ಟಿ. ಆದರೂ ಕಾಗದ ಪತ್ರ ನೋಡದೆ ಯಾರಿಗೂ ಖಚಿತವಾಗಿ ಹೇಳಲಾರೆ.

ಆ ಇಬ್ಬರು ಕಳೆದ ತಿಂಗಳು ಮತ್ತೆ ಬಂದಿದ್ದರು, ಒಟ್ಟಿಗೆ, ಒಂದೇ ಬೈಕಿನಲ್ಲಿ. ಹೋಸ್ಟ್ ಅಗ್ರಿಮೆಂಟ್ ಪ್ರಿಂಟ್ ತೆಗೆದು, ಬಿಟ್ಟು ಹೋಗುವ ಷರತ್ತಿನ ಕೆಳಗೆ ಗೆರೆ ಎಳೆದುಕೊಂಡಿದ್ದರು. ಚೌಕಾಸಿ ಮಾಡಿದ್ದು ನನ್ನ ಫೀಸಿಗೆ ಮಾತ್ರ.