ಫರಕ್ಕಾದಲ್ಲಿ ನಿಂತುಹೋದ ಹಿಲ್ಸಾ: ಯಾರಿಗೆ ಯಾಕೆ ಬೇಕು?

ಹಿಲ್ಸಾ ಅನ್ನುವ ಮೀನು ಬೆಳೆಯುವುದು ಸಮುದ್ರದಲ್ಲಿ. ಮೊಟ್ಟೆ ಇಡಲು ಮಾತ್ರ ಸಿಹಿನೀರೇ ಆಗಬೇಕು. ಮಳೆಗಾಲ ಬಂತೆಂದರೆ ಬಂಗಾಳ ಕೊಲ್ಲಿಯಿಂದ ಗಂಗೆಯ ಸೆಳೆತಕ್ಕೆ ಎದುರಾಗಿ ಅಲಹಾಬಾದ್‌ವರೆಗೂ ಈಜಿ ಹೋಗುತ್ತಿತ್ತು. 1975ರಲ್ಲಿ ಪಶ್ಚಿಮ ಬಂಗಾಳದ ಫರಕ್ಕಾದಲ್ಲಿ ಗಂಗೆಗೆ ಅಡ್ಡಲಾಗಿ ಬ್ಯಾರೇಜ್, ಅಂದರೆ ಗೇಟುಗಳಿರುವ ಒಡ್ಡು, ಶುರುವಾಯಿತು. ಹೂಳು ತುಂಬಿದ ಕಲ್ಕತ್ತಾ ಬಂದರಿಗೆ 40,000 ಕ್ಯೂಸೆಕ್ ನೀರು ತಿರುಗಿಸುವ ಯೋಜನೆ ಅದು. ಮೀನು ದಾಟಲೆಂದು ಅದರಲ್ಲೇ ಲಾಕ್ (ಬಾಗಿಲಿರುವ ನೀರಿನ ದಾರಿ) ಕಟ್ಟಿದ್ದರು, ಸಾಲಲಿಲ್ಲ.

ಆಮೇಲಿನ ಜಗಳವೆಲ್ಲ ನೀರಿನ ಪಾಲಿನದು. 1996ರಲ್ಲಿ ಭಾರತ, ಬಾಂಗ್ಲಾದೇಶ 30 ವರ್ಷದ ಒಪ್ಪಂದ ಮಾಡಿಕೊಂಡವು. ಅದು ಹಂಚುವುದು ಜನವರಿಯಿಂದ ಮೇವರೆಗಿನ ನೀರನ್ನು. ಹಿಲ್ಸಾದ ದೊಡ್ಡ ದಂಡು ಬರುವುದು ಅದಾದ ಮೇಲೆ, ಮಳೆಯ ಜೊತೆ.

ಬ್ಯಾರೇಜಿನ ಮೇಲ್ಭಾಗದಲ್ಲಿ, ಬಿಹಾರದಲ್ಲಿ ನಡೆದದ್ದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ದೇಶದಲ್ಲಿ ನೆಲದ ಜಮೀನ್ದಾರಿ ಹೋಗಿತ್ತು, ಅಲ್ಲಿ ನೀರಿನದು ಉಳಿದೇ ಇತ್ತು. ಸುಲ್ತಾನ್‌ಗಂಜ್‌ನಿಂದ ಪೀರ್‌ಪೈಂತಿವರೆಗೆ ಸುಮಾರು 80 ಕಿ.ಮೀ. ಗಂಗೆಗೆ ಖಾಸಗಿ ಒಡೆಯರಿದ್ದರು. ಅದಕ್ಕೆ ಪಾನಿದಾರಿ ಅಂತ ಹೆಸರು. ಹರಿಯುವ ಹೊಳೆಗೆ ಬಲೆ ಬೀಸಲೂ ಕಂದಾಯ ಕಟ್ಟಬೇಕು! 1982ರಲ್ಲಿ ಕಹಲ್‌ಗಾಂವ್‌ನ ಮೀನುಗಾರರು ಗಂಗಾ ಮುಕ್ತಿ ಆಂದೋಲನ ಕಟ್ಟಿದರು. ಹತ್ತು ವರ್ಷದ ಹತ್ತಿರ ಹೋರಾಡಿ ಪಾನಿದಾರಿ ತೆಗೆಸಿದರು. ಹೊಳೆ ಕೈಗೆ ಬಂತು, ಆದರೆ ಹಿಲ್ಸಾ ಅಷ್ಟರಲ್ಲಿ ಹೋಗಿಯಾಗಿತ್ತು. ಅದೇ ಹೊತ್ತಿಗೆ ಸುಲ್ತಾನ್‌ಗಂಜ್‌–ಕಹಲ್‌ಗಾಂವ್ ನಡುವಿನ ಗಂಗೆ ಡಾಲ್ಫಿನ್ ಅಭಯಾರಣ್ಯವೂ ಆಯಿತು. ಡಾಲ್ಫಿನ್ ಉಳಿಯಲೇಬೇಕು, ಸರಿ. ಆದರೆ ಆಗಷ್ಟೇ ಗೆದ್ದು ಬಂದವರಿಗೆ ಮತ್ತೆ ನಿರ್ಬಂಧ ಅಂದರೆ ಹೇಗಾಗಿರಬೇಡ?

ಈಗ ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಹಿಲ್ಸಾಗಳನ್ನು ಫರಕ್ಕಾದ ಮೇಲ್ಭಾಗಕ್ಕೆ ಬಿಡುತ್ತಿದ್ದಾರೆ. ಕೆಲವಕ್ಕೆ ಗುರುತಿನ ಟ್ಯಾಗ್ ಹಾಕುತ್ತಾರೆ. ಬಲು ನಾಜೂಕಿನ ಮೀನದು. ಕೈ ತಾಗಿದರೆ ಹೊಳೆಯುವ ಹುರುಪೆ ಉದುರುತ್ತದೆ, ನೀರಿನಿಂದ ಎತ್ತಿದ ಸ್ವಲ್ಪ ಹೊತ್ತಿಗೇ ಸಾಯುತ್ತದೆ. ಮೊಟ್ಟೆಯೊಡೆದ ಮರಿ ಮತ್ತೆ ಬ್ಯಾರೇಜ್ ದಾಟಿ ಸಮುದ್ರ ಸೇರಬೇಕು. ದಾರಿಯಲ್ಲಿ ಸಣ್ಣ ಕಣ್ಣಿನ ಬಲೆಗಳಿವೆ. ಪಶ್ಚಿಮ ಬಂಗಾಳದಲ್ಲಿ 23 ಸೆಂ.ಮೀ.ಗಿಂತ ಚಿಕ್ಕ ಹಿಲ್ಸಾ ಹಿಡಿಯುವಂತಿಲ್ಲ. ಆದರೂ ಮಾರುಕಟ್ಟೆಗೆ ಬರುತ್ತದೆ. ಕೊಳ್ಳುವವರೂ ಇದ್ದಾರಲ್ವಾ?

ಬಾಂಗ್ಲಾದೇಶ ಅಕ್ಟೋಬರ್ ಆಸುಪಾಸಿನಲ್ಲಿ 22 ದಿನ ಹಿಲ್ಸಾ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಮೀನುಗಾರರ ಮನೆಗಳಿಗೆ ಅಕ್ಕಿ ಕೊಡುತ್ತದೆ. ಅದು ಸಾಲದು ಅನ್ನುವ ದೂರಿದೆ. ಆದರೂ ಸುಮ್ನೆ ಬಲೆ ಎತ್ತಿಡಿ ಅನ್ನುವುದಕ್ಕಿಂತ ಅದು ಎಷ್ಟೋ ಮೇಲು.

ಇತ್ತ ಬಿಹಾರದ ರಾಜಕಾರಣಿಗಳೂ ಬ್ಯಾರೇಜ್ ತೆಗೆಯಿರಿ ಅನ್ನತೊಡಗಿದ್ದಾರೆ. ಅವರ ಚಿಂತೆ ಹೂಳು, ನೆರೆ. ಬಂದರಿಗೆ ಅದೇ ಬ್ಯಾರೇಜ್ ಬೇಕು. ನೀರಿನ ಒಪ್ಪಂದದ ಅವಧಿ 2026ರ ಡಿಸೆಂಬರ್‌ವರೆಗೆ. ಹೊಸದನ್ನು ಬರೆಯುವಾಗ ಮಳೆಗಾಲದಲ್ಲಿ ಗೇಟು ಯಾವಾಗ, ಎಷ್ಟು ತೆರೆದಿರಬೇಕು ಅನ್ನುವುದನ್ನು ಕಹಲ್‌ಗಾಂವ್‌ನವರನ್ನೂ ಕೇಳಿ ಬರೆಯಲಿ.