ಅಮೆರಿಕ ಸಿಗುತ್ತದೆ, ಪಕ್ಕದ ರಸ್ತೆ ಸಿಗುವುದಿಲ್ಲ

ಮಲ್ಲೇಶ್ವರದ ಒಂದು ಕ್ಲಿನಿಕ್ಕಿನಲ್ಲಿ ಹೊಸ ಇಂಟರ್ನೆಟ್ ಲೈನ್ ಹಾಕಿದ ದಿನ ನಾನೂ ಅಲ್ಲಿದ್ದೆ. ಬ್ಯಾಂಕಿನ ಸೈಟ್ ತೆರೆಯಿತು, ಯೂಟ್ಯೂಬ್ ಓಡಿತು, ಇಮೇಲ್ ಬಂತು. ದಿನಾ ಬೇಕಾದ ಲ್ಯಾಬ್ ರಿಪೋರ್ಟಿನ ಪುಟ ಮಾತ್ರ ತೆರೆಯಲಿಲ್ಲ. ಆ ಲ್ಯಾಬ್ ಇದ್ದದ್ದು ಎರಡು ರಸ್ತೆ ಆಚೆ. ರಿಪೋರ್ಟ್ ಇಟ್ಟಿರುವ ಸರ್ವರ್ ಕಂಪ್ಯೂಟರ್ ಕೂಡ ಅಲ್ಲೇ. ಇಬ್ಬರಿಗೂ ಲೈನ್ ಕೊಟ್ಟದ್ದು ಒಂದೇ ಕಂಪನಿ.

ಕಾರಣ ತಿಳಿಯಬೇಕಾದರೆ ಆ ಕಂಪನಿ ಅಡ್ರೆಸ್, ಅಂದರೆ ಇಂಟರ್ನೆಟ್ಟಿನಲ್ಲಿ ಕಂಪ್ಯೂಟರನ್ನು ಗುರುತಿಸುವ ನಂಬರ್, ಹಂಚಿದ ರೀತಿಯನ್ನು ನೋಡಬೇಕು.

ಕಂಪನಿಯ ಬಳಿ 256 ಅಡ್ರೆಸ್‌ಗಳ ಒಂದು ಬ್ಲಾಕ್ ಇದೆ ಅನ್ನಿ, 203.0.113.0ಯಿಂದ 203.0.113.255ರವರೆಗೆ. (ಉದಾಹರಣೆ ಕೊಡುವುದಕ್ಕೆಂದೇ ಮೀಸಲಿಟ್ಟ ಬ್ಲಾಕ್ ಇದು, ಯಾರ ಸ್ವತ್ತೂ ಅಲ್ಲ.) ಎಲ್ಲ ಗಿರಾಕಿಗಳನ್ನೂ ಸುಮ್ನೆ ಒಂದೇ ಬೀದಿಯಲ್ಲಿ ಕೂರಿಸಿದರೆ, ಒಬ್ಬರ ಅಡ್ರೆಸ್ಸಿಗೆ ಇನ್ನೊಬ್ಬರು ಉತ್ತರ ಕೊಡಬಹುದು. ರೋಗಿಗಳ ವಿವರ ಇರುವ ಕಡೆ ಅದು ಆಗಲೇಬಾರದು. ಅದಕ್ಕೇ ಪ್ರತಿ ಗಿರಾಕಿಗೂ ಬೇರೆ ಬೀದಿ, ನಡುವೆ ರೂಟರ್, ಅಂದರೆ ಒಂದು ಬೀದಿಯ ಮಾಹಿತಿಯನ್ನು ಇನ್ನೊಂದಕ್ಕೆ ದಾಟಿಸುವ ಪೆಟ್ಟಿಗೆ.

ನಮ್ಮೂರಲ್ಲಿ ಲೇಔಟ್ ಮಾಡಿ 30×40, 40×60 ಸೈಟು ಕತ್ತರಿಸುತ್ತಾರಲ್ವಾ, ಹಾಗೇ ಇದು: ಒಬ್ಬ ಗಿರಾಕಿಯ ಬೀದಿ ಎಂದರೆ ಒಂದು ಸೈಟು. ಆದರೆ ಇಲ್ಲಿ ಅಳತೆ ನಮ್ಮಿಷ್ಟದ್ದಲ್ಲ: 4, 8, 16, 32, 64, 128. ಐದು ಅಡ್ರೆಸ್ ಕೇಳಿದವರಿಗೆ 8ರ ಸೈಟು. ಅದರಲ್ಲಿ ಮೊದಲನೆಯದು ಬೀದಿಯ ಹೆಸರಿಗೆ, ಕೊನೆಯದು ಬೀದಿಯವರನ್ನೆಲ್ಲ ಒಟ್ಟಿಗೆ ಕೂಗುವುದಕ್ಕೆ, ಇನ್ನೊಂದು ರೂಟರಿಗೆ. ಕೈಗೆ ಉಳಿಯುವುದು 5. 64ರ ಸೈಟಿನಲ್ಲೂ ಹೋಗುವುದು ಮೂರೇ. ಚಿಕ್ಕದಾಗಿ ಕತ್ತರಿಸಿದಷ್ಟೂ ರಸ್ತೆಗೆ ಹೋಗುವ ಜಾಗ ಜಾಸ್ತಿ.

ಸೈಟು ಎಲ್ಲಿ ಶುರುವಾಗಬೇಕು ಎನ್ನುವುದಕ್ಕೂ ಕಟ್ಟುಪಾಡಿದೆ. 64ರ ಸೈಟು (ಅಡ್ರೆಸ್ಸಿನ ಕೊನೆಯ ಅಂಕಿಯನ್ನಷ್ಟೇ ಹೇಳುವುದಾದರೆ) 0, 64, 128, 192ರಲ್ಲಿ ಮಾತ್ರ ಶುರುವಾಗಬಹುದು. ಕಂಪನಿಯವರು ಯೋಚಿಸದೆ ಈ ನಾಲ್ಕು ಕಡೆಯೂ 8ರ ಒಂದೊಂದು ಸೈಟು ಕೊಟ್ಟುಬಿಟ್ಟರು ಅಂದುಕೊಳ್ಳಿ. ಖರ್ಚಾದದ್ದು 32, ಖಾಲಿ ಇರುವುದು 224. ಆದರೂ ನಾಳೆ 50 ಅಡ್ರೆಸ್ ಕೇಳಿಕೊಂಡು ಕೋರಮಂಗಲದ ಒಂದು ಆಫೀಸ್ ಬಂದರೆ ಕೊಡಲು 64ರ ಒಂದು ಸೈಟೂ ಇಲ್ಲ! ದೊಡ್ಡ ಸೈಟುಗಳನ್ನು ಮೊದಲು ಗುರುತು ಹಾಕಿಟ್ಟು, ಚಿಕ್ಕವನ್ನು ಒಂದು ಮೂಲೆಯಲ್ಲಿ ಒತ್ತಾಗಿ ಜೋಡಿಸಬೇಕು. 2011ರ ಫೆಬ್ರವರಿಯಲ್ಲೇ ಇಂಥ ಅಡ್ರೆಸ್‌ಗಳ ಜಗತ್ತಿನ ಕೇಂದ್ರ ದಾಸ್ತಾನು ಖಾಲಿಯಾಗಿದೆ. ಹೀಗಿರುವಾಗ ಇಂಥ ಪೋಲು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಇಷ್ಟೊಂದು ಕಟ್ಟುಪಾಡು ಯಾಕೆ? ಕಂಪ್ಯೂಟರಿಗೆ ಇಂಥ ಅಡ್ರೆಸ್ ಎಂದರೆ 32 ಸೊನ್ನೆ-ಒಂದುಗಳ ಸಾಲು. 8ರ ಸೈಟಿನಲ್ಲಿ ಮೊದಲ 29 ಬೀದಿಯನ್ನು ಹೇಳುತ್ತವೆ, ಕೊನೆಯ 3 ಮನೆ ನಂಬರನ್ನು. ಮೂರು ಜಾಗದಲ್ಲಿ ಸೊನ್ನೆ-ಒಂದು ಬರೆಯಲು ಎಂಟೇ ದಾರಿ. ಬೀದಿ ಎಲ್ಲಿ ಮುಗಿಯಿತು, ಮನೆ ನಂಬರ್ ಎಲ್ಲಿ ಶುರುವಾಯಿತು ಎಂದು ತೋರಿಸುವುದು ಮಾಸ್ಕ್. 8ರ ಸೈಟಿಗೆ ಅದು 255.255.255.248. ಕೊನೆಯ ಅಂಕಿ ಬಂದದ್ದು 256ರಲ್ಲಿ 8 ಕಳೆದು.

ಮಾಹಿತಿ ಕಳಿಸುವ ಮುಂಚೆ ಕಂಪ್ಯೂಟರ್ ಬೀದಿಯ ಭಾಗವನ್ನಷ್ಟೇ ಹೋಲಿಸಿ ನೋಡುತ್ತದೆ. ನನ್ನದೇ ಬೀದಿಯೇ? ಹಾಗಾದರೆ ನೇರವಾಗಿ ಕೂಗುತ್ತೇನೆ. ಅಲ್ಲವೇ? ರೂಟರಿಗೆ ಕೊಡುತ್ತೇನೆ. ಆ ಕೂಗು ರೂಟರ್ ದಾಟುವುದಿಲ್ಲ.

ಈಗ ಕ್ಲಿನಿಕ್ಕಿಗೆ ಬರೋಣ. ಅವರ ಸೈಟು 16ರಿಂದ 23. ಲ್ಯಾಬಿನದು 72ರಿಂದ. ಲೈನ್ ಹಾಕಲು ಬಂದ ಹುಡುಗ ಅವಸರದಲ್ಲಿ ಮಾಸ್ಕ್ 255.255.255.0 ಎಂದು ಬರೆದಿದ್ದ. ಹಾಗಾಗಿ 256 ಅಡ್ರೆಸ್ಸೂ ತನ್ನ ಬೀದಿಯವೇ ಎಂದು ಕಂಪ್ಯೂಟರ್ ನಂಬಿತ್ತು. ಲ್ಯಾಬಿನ ಸರ್ವರನ್ನು ರೂಟರ್ ಮೂಲಕ ಕೇಳುವ ಬದಲು ತನ್ನ ಬೀದಿಯಲ್ಲೇ ನಿಂತು ಕೂಗುತ್ತಿತ್ತು. ಯಾರೂ ಓಗೊಡಲಿಲ್ಲ. ಬ್ಯಾಂಕು, ಯೂಟ್ಯೂಬು ಹೇಗೂ ಹೊರಗಿನವು. ಅವನ್ನು ಸರಿಯಾಗಿ ರೂಟರಿಗೇ ಕೊಡುತ್ತಿತ್ತು.

ಕೊನೆಯ ಸೊನ್ನೆ ಅಳಿಸಿ 248 ಎಂದು ಬರೆದೆವು. ಬೆಳಗಿನಿಂದ ಬೆಂಚಿನ ಮೇಲೆ ಕಾಯುತ್ತಿದ್ದ ಅಜ್ಜಿಯ ಶುಗರ್ ರಿಪೋರ್ಟ್ ಮೊದಲು ಪ್ರಿಂಟ್ ಆಯಿತು.